ಆರು ಬೀಗದ ಕೈ, ಮೂರು ನೀರಿನ ಮಟ್ಟ: ಡಂಜನ್ ಕಟ್ಟುವವರ ಲೆಕ್ಕ

‘ಓಕರಿನಾ ಆಫ್ ಟೈಮ್’ ಆಡಿದವರ ಮುಂದೆ ವಾಟರ್ ಟೆಂಪಲ್ ಹೆಸರು ಎತ್ತಿದರೆ ಸಾಕು, ಬಹಳಷ್ಟು ಜನ ಮುಖ ಸಿಂಡರಿಸುತ್ತಾರೆ. 1998ರ ನವೆಂಬರಿನಲ್ಲಿ ನಿಂಟೆಂಡೋ 64 ಎಂಬ ಗೇಮ್ ಯಂತ್ರಕ್ಕೆ ಬಂದ, ‘ಲೆಜೆಂಡ್ ಆಫ್ ಜೆಲ್ಡಾ’ ಸಾಲಿನ ವಿಡಿಯೋ ಗೇಮ್ ಅದು. ವಾಟರ್ ಟೆಂಪಲ್ ಅದರೊಳಗಿನ ಒಂದು ಡಂಜನ್, ಅಂದರೆ ಬೀಗ, ಒಗಟು, ಶತ್ರುಗಳು ತುಂಬಿದ ರೂಮುಗಳ ಜಾಲ. ಆ ಡಂಜನ್ ಮೇಲಿನ ದೂರು ಮಾತ್ರ ಇವತ್ತಿಗೂ ಹಳತಾಗಿಲ್ಲ: ‘ಒಂದು ಬೀಗದ ಕೈ ಕಮ್ಮಿ ಬಿತ್ತು.’ ತಪ್ಪು ಬಾಗಿಲು ತೆರೆದುಬಿಟ್ಟರೆ ಆಟ ಅಲ್ಲಿಗೇ ಮುಗಿದಂತೆ, ಮೊದಲಿಂದ ಶುರುಮಾಡಬೇಕು ಎಂಬ ಗಾಳಿಸುದ್ದಿಯೂ ಹುಟ್ಟಿಕೊಂಡಿತ್ತು. ಅದು ಸುಳ್ಳು. ಒಳಗಿರುವ ಸಣ್ಣ ಬೀಗದ ಕೈಗಳು ಆರು, ಆರೂ ಸಿಗುತ್ತವೆ. ಆದರೂ ಅಷ್ಟೊಂದು ಜನ ಐದಕ್ಕೇ ನಿಂತು ಗೋಡೆ ಗೋಡೆ ತಡಕಿದ್ದು ಸುಳ್ಳಲ್ಲ.

ಕಟ್ಟಿದವರ ಲೆಕ್ಕ ಸರಿಯಾಗಿತ್ತು, ಆಡುವವರ ತಲೆಯೊಳಗಿನ ಲೆಕ್ಕ ತಪ್ಪಿತು. ಡಂಜನ್ ವಿನ್ಯಾಸದಲ್ಲಿ ಈ ಎರಡು ಲೆಕ್ಕಗಳನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಹೊಸಬರು ಮೊದಲನೆಯದನ್ನು ಅರ್ಧಂಬರ್ಧ ಮಾಡುತ್ತಾರೆ, ಎರಡನೆಯದನ್ನು ಮಾಡುವುದೇ ಇಲ್ಲ.

ಮೊದಲು ರೂಮಿನಿಂದ ಶುರುಮಾಡೋಣ. 1986ರ ಮೊದಲ ‘ಲೆಜೆಂಡ್ ಆಫ್ ಜೆಲ್ಡಾ’ದಲ್ಲಿ ಒಂದು ಪರದೆಗೆ ಒಂದು ರೂಮು. ಮೇಲಿನ ಮಾಹಿತಿ ಪಟ್ಟಿ ಬಿಟ್ಟು ಉಳಿಯುವುದು 256×176 ಪಿಕ್ಸೆಲ್, ಅಂದರೆ 16 ಪಿಕ್ಸೆಲ್‌ನ ಚೌಕಗಳಲ್ಲಿ 16×11. ಸುತ್ತ ಎರಡೆರಡು ಚೌಕದ ಗೋಡೆ ಕಳೆದರೆ ಓಡಾಡಲು ಉಳಿಯುವ ನೆಲ 12×7. ಇಡೀ ಆಟದ ಒಂಬತ್ತು ಡಂಜನ್‌ಗಳೂ ಈ 84 ಚೌಕಗಳ ಅಂಗಳದಲ್ಲೇ ನಡೆಯುತ್ತವೆ. ನಾಲ್ಕು ಗೋಡೆ, ಗೋಡೆಗೊಂದು ಬಾಗಿಲಿನ ಜಾಗ. ಆ ಜಾಗದಲ್ಲಿ ಬರಬಹುದಾದದ್ದು ಬೆರಳೆಣಿಕೆಯಷ್ಟು: ಬರೀ ಗೋಡೆ, ತೆರೆದ ದಾರಿ, ಬೀಗದ ಬಾಗಿಲು, ಬಾಂಬಿಗೆ ಒಡೆಯುವ ಗೋಡೆ, ಶತ್ರುಗಳನ್ನು ಮುಗಿಸಿದರೆ ಅಥವಾ ಕಲ್ಲು ತಳ್ಳಿದರೆ ತೆರೆಯುವ ಬಾಗಿಲು. ಸ್ವಂತ ಆಟಕ್ಕೆ ಡಂಜನ್ ಬರೆಯುವವರು ಇಷ್ಟಕ್ಕೇ ಕಟ್ಟುಬಿದ್ದು ಮೊದಲನೆಯದನ್ನು ಮುಗಿಸುವುದು ಒಳ್ಳೆಯದು. ರೂಮಿನ ಅಳತೆ ಒಂದೇ ಇದ್ದರೆ ಕಣ್ಣು ಬಾಗಿಲುಗಳ ಮೇಲೆ ನಿಲ್ಲುತ್ತದೆ, ನಿಲ್ಲಬೇಕಾದದ್ದೂ ಅಲ್ಲೇ.

ಆ ಆಟದ ಮೊದಲ ಡಂಜನ್‌ನ ಮೊದಲ ರೂಮು ಪಾಠಕ್ಕೆ ಇಡಬೇಕಾದಂಥದ್ದು. ಒಳಗೆ ಕಾಲಿಟ್ಟರೆ ಎದುರಿಗೇ ಬೀಗ ಹಾಕಿದ ಬಾಗಿಲು. ಎಡಕ್ಕೆ ತೆರೆದ ದಾರಿ, ಬಲಕ್ಕೆ ತೆರೆದ ದಾರಿ. ಎಡಗಡೆ ಬಾವಲಿಗಳನ್ನು ಹೊಡೆದರೆ ಒಂದು ಬೀಗದ ಕೈ. ಬಲಗಡೆ ಅಸ್ಥಿಪಂಜರಗಳ ಗುಂಪಿನಲ್ಲಿ ಒಂದು ಅದನ್ನು ಹೊತ್ತುಕೊಂಡೇ ಓಡಾಡುತ್ತಿರುತ್ತದೆ, ಕಣ್ಣಿಗೂ ಬೀಳುತ್ತದೆ. ಬೀಗ ಒಂದು, ಕೈ ಎರಡು. ಯಾವ ಕಡೆ ಹೋದರೂ ಸೋಲಿಲ್ಲ, ಎರಡೂ ಕಡೆ ಹೋದವನ ಜೇಬಿನಲ್ಲಿ ಒಂದು ಉಳಿತಾಯ. ಒಂದಕ್ಷರ ವಿವರಣೆ ಇಲ್ಲದೆ ಇಷ್ಟು ಹೇಳಿಯಾಯಿತು: ಮೊದಲು ಬೀಗ ಕಾಣುತ್ತದೆ, ಕೈ ಆಮೇಲೆ ಸಿಗುತ್ತದೆ. ಈ ಕ್ರಮ ತಿರುಗಿದರೆ, ಅಂದರೆ ಬೀಗ ನೋಡುವ ಮೊದಲೇ ಕೈ ಸಿಕ್ಕರೆ, ಅದು ಚಿಲ್ಲರೆ ಕಾಸಿನಂತೆ. ಜೇಬಿಗೆ ಬಿತ್ತು, ಮರೆತೂ ಹೋಯಿತು.

ಆ ಆಟದಲ್ಲಿ ಇನ್ನೊಂದು ಸಡಿಲಿಕೆಯೂ ಇದೆ. ಒಂದು ಡಂಜನ್‌ನಲ್ಲಿ ಉಳಿದ ಬೀಗದ ಕೈ ಇನ್ನೊಂದರಲ್ಲೂ ನಡೆಯುತ್ತದೆ. ಸಾಲದಿದ್ದರೆ ಅಂಗಡಿಯಲ್ಲಿ 80 ಅಥವಾ 100 ರೂಪಿ (ಆಟದೊಳಗಿನ ಹಣ) ಕೊಟ್ಟು ಕೊಳ್ಳಲೂಬಹುದು. ಹೀಗಾಗಿ ಕಟ್ಟುವವರ ಲೆಕ್ಕ ತಪ್ಪಿದ್ದರೂ ಆಟ ಕೈಕೊಡುವುದಿಲ್ಲ. ಅದೇ ಸಾಲಿನ 1991ರ ‘ಎ ಲಿಂಕ್ ಟು ದ ಪಾಸ್ಟ್’ ಬಂದಾಗ ಪ್ರತಿ ಡಂಜನ್ ತನ್ನ ಬೀಗದ ಕೈಗಳನ್ನು ತಾನೇ ಇಟ್ಟುಕೊಂಡಿತು, ಅಂಗಡಿಯ ಆಸರೆಯೂ ಹೋಯಿತು. ಅಲ್ಲಿಂದಾಚೆಗೆ ಲೆಕ್ಕ ಬರೆಯದೆ ವಿಧಿಯಿಲ್ಲ.

(ಮೊದಲ ಆಟದ ನಕ್ಷೆಗಳಿಗೆ ಆಕಾರವೂ ಇತ್ತು. ಮೊದಲನೆಯದು ಹದ್ದು, ಎರಡನೆಯದು ಚಂದ್ರ, ಮೂರನೆಯದು ಜಪಾನಿನ ಬೌದ್ಧ ದೇಗುಲಗಳನ್ನು ಗುರುತಿಸುವ ಮಂಜಿ. ನಮ್ಮ ಕಣ್ಣಿಗೆ ಅದು ಎಡಕ್ಕೆ ತಿರುಗಿದ ಸ್ವಸ್ತಿಕ. ಪಶ್ಚಿಮದವರು ಅದನ್ನು ಕಂಡು ಬೆಚ್ಚಿಬಿದ್ದದ್ದೂ ಉಂಟು, ಹೊಸಿಲ ರಂಗೋಲಿ ನೋಡಿ ಬೆಳೆದವರಿಗೆ ಅದರಲ್ಲಿ ಬೆಚ್ಚುವಂಥದ್ದೇನಿಲ್ಲ. ಇನ್ನೂ ಚೆಂದದ ಸಂಗತಿ ಎಂದರೆ ಮೊದಲ ಆರು ಡಂಜನ್‌ಗಳು ಒಂದೇ 16×8ರ ಹಾಳೆಯಲ್ಲಿ ಒಂದಕ್ಕೊಂದು ಮಗ್ಗುಲಾಗಿ ಜೋಡಿಸಿಕೊಂಡಿವೆ, ಕೊನೆಯ ಮೂರು ಇನ್ನೊಂದು ಹಾಳೆಯಲ್ಲಿ. ಹದ್ದಿನ ರೆಕ್ಕೆ ಮುಗಿದ ಕಡೆ ಇನ್ನೊಂದರ ಅಂಚು ಶುರು.)

ಈಗ ಲೆಕ್ಕಕ್ಕೆ ಬರೋಣ. ಕಾಗದದ ಮೇಲೆ ರೂಮುಗಳನ್ನು ಬರೆಯಬೇಡಿ, ಪ್ರದೇಶಗಳನ್ನು ಬರೆಯಿರಿ. ಬೀಗ ತೆರೆಯದೆ ಓಡಾಡಬಹುದಾದಷ್ಟೂ ಜಾಗ ಒಂದು ಪ್ರದೇಶ, ಅದಕ್ಕೊಂದು ವೃತ್ತ. ಹತ್ತು ರೂಮಿದ್ದರೂ ವೃತ್ತ ಒಂದೇ. ವೃತ್ತದೊಳಗೆ ಅಲ್ಲಿ ಸಿಗುವ ಬೀಗದ ಕೈಗಳ ಸಂಖ್ಯೆ. ವೃತ್ತದಿಂದ ವೃತ್ತಕ್ಕೆ ಒಂದು ಗೆರೆ, ಆ ಗೆರೆಯೇ ಬೀಗ.

ಮೂರು ಬೀಗದ ಒಂದು ಚಿಕ್ಕ ಡಂಜನ್ ತೆಗೆದುಕೊಳ್ಳಿ. ಬಾಗಿಲ ಬಳಿಯ ಪ್ರದೇಶದಿಂದ ‘ಅ’ ಮತ್ತು ‘ಆ’ ಎಂಬ ಎರಡು ಬೀಗಗಳು. ‘ಅ’ದ ಹಿಂದೆ ‘ಇ’ ಎಂಬ ಮೂರನೇ ಬೀಗ, ‘ಇ’ ದಾಟಿದರೆ ಬಾಸ್, ಅಂದರೆ ಡಂಜನ್‌ನ ಕೊನೆಯ ದೊಡ್ಡ ಶತ್ರು. ‘ಆ’ದ ಹಿಂದೆ ಬರೀ ಕಂಪಾಸ್. ಒಟ್ಟು ಬೀಗದ ಕೈ ಮೂರು. ಶುರುವಿನಲ್ಲಿ ಒಂದು, ‘ಅ’ದ ಹಿಂದೆ ಎರಡು ಇಟ್ಟಿದ್ದೀರಿ ಎನ್ನಿ. ಕೂಡಿದರೆ ಮೂರಕ್ಕೆ ಮೂರು, ಎಲ್ಲ ಸರಿ ಕಾಣುತ್ತದೆ. ಆದರೆ ಆಡುವವನು ಇರುವ ಒಂದನ್ನು ಒಯ್ದು ‘ಆ’ಗೆ ಹಾಕಿದನೋ, ಕೈಯಲ್ಲಿ ಕಂಪಾಸ್, ಜೇಬು ಖಾಲಿ, ಎದುರಿಗೆ ‘ಅ’ ಹಾಗೇ ಮುಚ್ಚಿದೆ. ಇದನ್ನೇ ಸಾಫ್ಟ್‌ಲಾಕ್ ಎನ್ನುವುದು. ಆಟ ಕೆಟ್ಟಿಲ್ಲ, ನಿಂತೂ ಇಲ್ಲ, ಮುಂದೆ ಹೋಗುವ ದಾರಿ ಮಾತ್ರ ಇಲ್ಲ. ಅದೇ ಮೂರು ಬೀಗದ ಕೈಗಳಲ್ಲಿ ಒಂದನ್ನು ‘ಅ’ದ ಹಿಂದಿನಿಂದ ತೆಗೆದು ಶುರುವಿಗೆ ತನ್ನಿ: ಶುರುವಿನಲ್ಲಿ ಎರಡು, ‘ಅ’ದ ಹಿಂದೆ ಒಂದು. ಈಗ ಯಾವ ಕ್ರಮದಲ್ಲಿ ತೆರೆದರೂ ಸಿಕ್ಕಿಬೀಳಲು ಆಗುವುದಿಲ್ಲ.

ಇದರ ಹಿಂದಿನ ನಿಯಮ ಒಂದೇ ಸಾಲಿನದು. ತೆರೆದ ಬೀಗಗಳ ಯಾವುದೇ ಗುಂಪು ತೆಗೆದುಕೊಳ್ಳಿ. ಅಷ್ಟು ತೆರೆದಾಗ ಕೈಗೆ ಸಿಗಬಹುದಾದ ಒಟ್ಟು ಬೀಗದ ಕೈಗಳು, ತೆರೆದ ಬೀಗಗಳಿಗಿಂತ ಕನಿಷ್ಠ ಒಂದು ಹೆಚ್ಚಿರಬೇಕು. ಎಲ್ಲ ಬೀಗವೂ ತೆರೆದಾಗ ಮಾತ್ರ ಸಮವಾಗಬಹುದು. ಮೂರು ಬೀಗಕ್ಕೆ ಎಂಟು ಗುಂಪು. ‘ಅ’ ತೆರೆಯದೆ ‘ಇ’ ತಲುಪುವ ಎರಡು ಅಸಾಧ್ಯ ಗುಂಪು ಬಿಟ್ಟರೆ ಆರು. ಕೈಯಲ್ಲೇ ಬರೆದು ನೋಡಬಹುದು. ಆರು ಬೀಗವಾದರೆ 64 ಗುಂಪು, ಆಗ ಸ್ಪ್ರೆಡ್‌ಶೀಟ್ ತೆರೆಯಿರಿ ಅಥವಾ ಇಪ್ಪತ್ತು ಸಾಲಿನ ಪ್ರೋಗ್ರಾಂ ಬರೆಯಿರಿ. ಎಂಟು ಬೀಗಕ್ಕೆ 256. ‘ಯಾರು ಹಾಗೆ ಆಡುತ್ತಾರೆ ಬಿಡಿ’ ಎಂದು ಯಾವ ಗುಂಪನ್ನೂ ಬಿಡಬೇಡಿ. ಆಡುವವರು ಖಂಡಿತ ಹಾಗೇ ಆಡುತ್ತಾರೆ.

ತಿದ್ದುವ ದಾರಿ ಮೂರೇ. ಬೀಗದ ಕೈಯನ್ನು ಮುಂದಕ್ಕೆ ತರುವುದು ಒಂದು. ತೊಂದರೆ ಕೊಡುವ ಬೀಗವನ್ನೇ ಇನ್ನೊಂದು ಬೀಗದ ಹಿಂದೆ ಸರಿಸುವುದು ಇನ್ನೊಂದು. ಬೀಗ ತೆಗೆದು ಅಲ್ಲಿ ಶತ್ರು ಸತ್ತರೆ ತೆರೆಯುವ ಬಾಗಿಲು ಹಾಕುವುದು ಮೂರನೆಯದು. ಮೊದಲನೆಯದು ಅಗ್ಗ, ಆದರೆ ಬಿಗಿ ಕಳೆಯುತ್ತದೆ. ಎರಡನೆಯದರಿಂದ ಡಂಜನ್ ಒಂದೇ ಹಾದಿಯಂತಾಗುತ್ತದೆ. ಅನುಭವಿಗಳು ಸಾಮಾನ್ಯವಾಗಿ ಮೂರನೆಯದನ್ನೇ ಹಿಡಿಯುತ್ತಾರೆ, ಮಾಮೂಲಿ ಬೀಗಗಳಲ್ಲಿ ಅರ್ಧದಷ್ಟು ಮೊದಲ ಕರಡಿನಲ್ಲಿ ಅನಗತ್ಯವಾಗಿಯೇ ಬಂದಿರುತ್ತವೆ.

ವಾಟರ್ ಟೆಂಪಲ್ ಈ ಪರೀಕ್ಷೆಯಲ್ಲಿ ಪಾಸು. ಹಾಗಾದರೆ ಎಡವಿದ್ದೆಲ್ಲಿ?

ಕಟ್ಟಡ ನೆನಪಿಸಿಕೊಳ್ಳಿ. ಮೂರಂತಸ್ತಿನ ದೊಡ್ಡ ಹಜಾರ, ನಡುವೆ ಒಂದು ಗೋಪುರ, ಸುತ್ತ ಎಲ್ಲ ದಿಕ್ಕಿಗೂ ಬಾಗಿಲುಗಳು. ನೀರು ಮೂರು ಮಟ್ಟದಲ್ಲಿ ನಿಲ್ಲಬಲ್ಲದು. ಟ್ರೈಫೋರ್ಸ್ ಎಂಬ ಮೂರು ತ್ರಿಕೋನದ ಗುರುತಿರುವ ಫಲಕದ ಮುಂದೆ ನಿಂತು ಓಕರಿನಾ ಎಂಬ ಊದುವ ವಾದ್ಯದಲ್ಲಿ ಜೆಲ್ಡಾಳ ಜೋಗುಳ ನುಡಿಸಿದರೆ ಮಟ್ಟ ಬದಲಾಗುತ್ತದೆ. ಫಲಕಗಳೂ ಮೂರು, ಮೂರೂ ಬೇರೆಬೇರೆ ಕಡೆ, ಒಂದೊಂದು ಫಲಕ ಒಂದೇ ಮಟ್ಟಕ್ಕೆ. ಒಳಗೆ ಬಂದಾಗ ನೀರು ತುಂಬಿ ತುಳುಕುತ್ತಿರುತ್ತದೆ. ಐರನ್ ಬೂಟ್ಸ್ ಎಂಬ ಭಾರದ ಬೂಟು ಹಾಕಿಕೊಂಡು ತಳಕ್ಕೆ ಇಳಿಯಬೇಕು, ಅಲ್ಲಿ ರಾಜಕುಮಾರಿ ರುಟೋ ಸಿಗುತ್ತಾಳೆ, ಅವಳು ಈಜಿ ಏರಿದ ದಾರಿಯಲ್ಲೇ ಏರಿದರೆ ಮೊದಲ ಫಲಕ. ಅಲ್ಲಿ ನುಡಿಸಿದರೆ ನೀರು ತಳಕ್ಕೆ ಇಳಿಯುತ್ತದೆ. ನಡುಮಟ್ಟದ ಫಲಕ ಗೋಪುರದ ಒಳಗೆ.

ನೀರಿನ ಮಟ್ಟ ಎಂಬುದು ಇಲ್ಲಿ ಏಳನೇ ಬೀಗವಲ್ಲ. ಅದು ಡಂಜನ್‌ನ ಸ್ಥಿತಿ. ಬೀಗ ಒಮ್ಮೆ ತೆರೆದರೆ ತೆರೆದಂತೆಯೇ, ಅದನ್ನು ಆಡುವವನು ತಲೆಯಿಂದ ಇಳಿಸಿಬಿಡಬಹುದು. ಸ್ಥಿತಿ ಹಾಗಲ್ಲ, ಹಿಂದಕ್ಕೂ ಮುಂದಕ್ಕೂ ತಿರುಗುತ್ತಲೇ ಇರುತ್ತದೆ. ಹತ್ತು ರೂಮಿನ ಡಂಜನ್‌ಗೆ ಮೂರು ಮಟ್ಟ ಸೇರಿಸಿದರೆ ನೆನಪಿಡಬೇಕಾದದ್ದು ಮೂವತ್ತು ರೂಮು. ಅದರ ಮೇಲೆ ಬೂಟು ಹಾಕಿದರೆ ಮುಳುಗುತ್ತೀರಿ, ಬಿಚ್ಚಿದರೆ ತೇಲುತ್ತೀರಿ ಎಂಬುದನ್ನೂ ಸೇರಿಸಿ. ‘ಈ ಬಾಗಿಲಿಗೆ ಹೋಗಿ ಬಂದೆ, ಏನೂ ಇರಲಿಲ್ಲ’ ಎಂದು ಮನಸ್ಸಿನಲ್ಲಿ ಗೀಟು ಹಾಕಿದ ರೂಮು ಬೇರೆ ಮಟ್ಟದಲ್ಲಿ ಬೇರೆಯೇ ರೂಮು. ಆ ಗೀಟು ಅಳಿಸಬೇಕೆಂದು ಹೇಳುವವರು ಯಾರೂ ಇಲ್ಲ.

ಹಂಪಿಯ ಪುಷ್ಕರಣಿಯ ಮುಂದೆ ನಿಂತರೆ ನೀರು ಎಷ್ಟಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ, ಒಣಗಿದ ಮೆಟ್ಟಿಲು ಎಣಿಸಿದರೆ ಆಯಿತು. ವಾಟರ್ ಟೆಂಪಲ್‌ಗೆ ಬೇಕಿದ್ದದ್ದು ಅಂಥ ಮೆಟ್ಟಿಲು. ಹಜಾರದಲ್ಲಿ ನಿಂತಾಗ ಮಟ್ಟ ಕಾಣುತ್ತದೆ, ನಿಜ. ಆದರೆ ಪಕ್ಕದ ಓಣಿ ಹೊಕ್ಕ ಮೇಲೆ ಯಾವ ಫಲಕ ಎಲ್ಲಿತ್ತು, ಈಗಿರುವುದು ಎಷ್ಟನೇ ಮಟ್ಟ, ಮೇಲಿನದಕ್ಕೆ ಹೋಗಲು ಯಾವ ಕಡೆ ತಿರುಗಬೇಕು ಎಂದು ಹೇಳುವ ಗುರುತು ಗೋಡೆಯ ಮೇಲೆ ಒಂದೂ ಇಲ್ಲ. ಎಲ್ಲ ಕಡೆ ಒಂದೇ ಬಗೆಯ ಕಲ್ಲು, ಒಂದೇ ಬಗೆಯ ನೀಲಿ. 2011ರಲ್ಲಿ ನಿಂಟೆಂಡೋದ ಕೈಯಲ್ಲಿ ಹಿಡಿದು ಆಡುವ ಯಂತ್ರ 3ಡಿಎಸ್‌ಗೆ ಆಟ ಮತ್ತೆ ಬಂದಾಗ ಫಲಕಗಳ ಕಡೆಗೆ ದಾರಿ ತೋರಿಸುವ ಬಣ್ಣದ ಪಟ್ಟಿಗಳನ್ನು ಗೋಡೆಗೆ ಎಳೆದರು. ಒಗಟುಗಳು ಅವೇ, ಬೀಗದ ಕೈಗಳೂ ಅವೇ. ಬಣ್ಣದ ಪಟ್ಟಿ ಬಂದದ್ದೇ ಅರ್ಧ ಗೋಳು ಹೋಯಿತು.

ಇನ್ನು ಆ ತಪ್ಪಿಸಿಕೊಂಡ ಬೀಗದ ಕೈ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಇದೇ ತಪ್ಪು ಹವ್ಯಾಸಿಗಳ ಡಂಜನ್‌ಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಗೋಪುರದ ಒಳಗೆ, ಕೆಳಗಿನ ನೆಲದ ಮೇಲೆ ಒಂದು ದಿಮ್ಮಿ ಕೂತಿದೆ. ನೋಡಿದರೆ ನೆಲದ ಭಾಗವೇ ಅನಿಸುತ್ತದೆ. ಮೇಲೇರಿ ಫಲಕದ ಮುಂದೆ ಜೋಗುಳ ನುಡಿಸಿದಾಗ ನೀರು ನಡುಮಟ್ಟಕ್ಕೆ ಬರುತ್ತದೆ, ದಿಮ್ಮಿ ನೀರಿನ ಜೊತೆ ತೇಲಿ ಮೇಲೆ ಬರುತ್ತದೆ. ಅದು ಕೂತಿದ್ದ ಜಾಗದಲ್ಲಿ ಒಂದು ಗುಂಡಿ ತೆರೆದುಕೊಳ್ಳುತ್ತದೆ. ಬೂಟು ಹಾಕಿಕೊಂಡು ಆ ಗುಂಡಿಗೆ ಇಳಿದರೆ ತಳದಲ್ಲೊಂದು ರೂಮು, ಬೀಗದ ಕೈ ಇರುವುದು ಅಲ್ಲಿ.

ಯೋಚನೆ ಸೊಗಸಾಗಿದೆ. ನೀರು ಏರುವುದರಿಂದ ಮೇಲಿನ ದಾರಿ ಸಿಗುತ್ತದೆ ಎಂದು ಆಡುವವನು ನಂಬಿರುವಾಗ ಕೆಳಗಿನ ದಾರಿಯನ್ನೂ ತೆರೆಯುವುದು. ಕೆಟ್ಟದ್ದು ಹೊತ್ತು ಮತ್ತು ಜಾಗ. ಒಂದು, ನೀರು ಏರಿಸಿದ್ದೇ ಹೊರಗೆ ಹೋಗಿ ಏನು ಬದಲಾಯಿತು ನೋಡಲಿಕ್ಕೆ, ಹಾಗಾಗಿ ಕಾಲು ಬಾಗಿಲ ಕಡೆಗೇ ಎಳೆಯುತ್ತದೆ. ಎರಡು, ಗುಂಡಿ ತೆರೆಯುವ ಗಳಿಗೆಯಲ್ಲಿ ಅದನ್ನು ಯಾರೂ ನೋಡುತ್ತಿರುವುದಿಲ್ಲ. ಮೂರು, ಮೇಲೆ ಬಂದ ದಿಮ್ಮಿಯೇ ಗುಂಡಿಯನ್ನು ಮೇಲಿನಿಂದ ಮರೆಮಾಡುತ್ತದೆ. ನಾಲ್ಕನೆಯದು ಇವೆಲ್ಲಕ್ಕಿಂತ ದೊಡ್ಡದು: ಬೀಗದ ಕೈ ತಪ್ಪಿಹೋಗಿದೆ ಎಂಬುದು ಆಗಲೇ ಗೊತ್ತಾಗುವುದಿಲ್ಲ. ಎಷ್ಟೋ ಹೊತ್ತಿನ ಮೇಲೆ, ಬೇರೆ ಮಟ್ಟದಲ್ಲಿ, ಬೇರೆ ಮೂಲೆಯ ಬಾಗಿಲ ಮುಂದೆ ಗೊತ್ತಾಗುತ್ತದೆ. ಆಗ ಅನುಮಾನ ಎಲ್ಲ ರೂಮುಗಳ ಮೇಲೂ ಬೀಳುತ್ತದೆ, ಆ ಒಂದನ್ನು ಬಿಟ್ಟು. 3ಡಿಎಸ್‌ನಲ್ಲಿ ಇದಕ್ಕೆ ಮಾಡಿದ ಮದ್ದು ನೋಡಿ: ದಿಮ್ಮಿ ಏರುವಾಗ ಕ್ಯಾಮರಾ ಕೆಳಗೆ ತಿರುಗಿ ಗುಂಡಿಯನ್ನು ತೋರಿಸುತ್ತದೆ. ಒಂದು ಕಲ್ಲನ್ನೂ ಜಾಗ ಬಿಟ್ಟು ಸರಿಸಲಿಲ್ಲ.

ಇದರಿಂದ ಸಿಗುವ ಪರೀಕ್ಷೆಯನ್ನು ನಿಮ್ಮ ಹಾಳೆಯಲ್ಲೇ ಮಾಡಬಹುದು. ಪ್ರತಿ ಬೀಗದ ಕೈಗೂ ಒಂದು ಸಾಲು ಬರೆಯಿರಿ: ಇದನ್ನು ಬಿಟ್ಟು ಮುಂದೆ ಹೋದವನಿಗೆ ಎಷ್ಟು ರೂಮು ದಾಟಿದ ಮೇಲೆ ತಪ್ಪು ಗೊತ್ತಾಗುತ್ತದೆ? ಮೂರ್ನಾಲ್ಕು ರೂಮಾದರೆ ತೊಂದರೆಯಿಲ್ಲ, ಹಿಂದೆ ತಿರುಗಿ ಹುಡುಕುತ್ತಾನೆ. ಹತ್ತು ದಾಟಿದರೆ, ಅದರಲ್ಲೂ ನಡುವೆ ಸ್ಥಿತಿ ಒಮ್ಮೆ ಬದಲಾಗಿದ್ದರೆ, ಆ ಬೀಗದ ಕೈಯನ್ನು ಸರಿಸಿ, ಇಲ್ಲವೇ ಸ್ಥಿತಿ ಬದಲಾಗುವ ಕ್ಷಣದಲ್ಲೇ ಅದರ ಸುಳಿವು ಕಣ್ಣಿಗೆ ಬೀಳುವಂತೆ ಮಾಡಿ.

ಬೂಟಿನ ಕತೆಯೂ ಇದೇ ಜಾತಿಯದು. ನಿಂಟೆಂಡೋ 64ರಲ್ಲಿ ಐರನ್ ಬೂಟ್ಸ್ ಇದ್ದದ್ದು ಉಡುಪುಗಳ ಪುಟದಲ್ಲಿ. ಸ್ಟಾರ್ಟ್ ಒತ್ತಿ, ಪುಟ ತಿರುಗಿಸಿ, ಗುರುತನ್ನು ಬೂಟಿನ ಮೇಲೆ ತಂದು, ಆಯ್ದು, ಮತ್ತೆ ಸ್ಟಾರ್ಟ್ ಒತ್ತಬೇಕು. ಒಮ್ಮೆ ಎರಡು ಸಲವಾದರೆ ಯಾರೂ ಗೊಣಗುವುದಿಲ್ಲ. ಇಲ್ಲಿ ಪ್ರತಿ ಮುಳುಗಿಗೂ, ಪ್ರತಿ ತೇಲಿಗೂ ಅದನ್ನೇ ಮಾಡಬೇಕು. ಆಟದ ಡಂಜನ್‌ಗಳ ಹೊಣೆ ಹೊತ್ತಿದ್ದ ಐಜಿ ಅಓನುಮಾ ಮುಂದೆ ಈ ಬೂಟಿನ ವಿಷಯಕ್ಕೆ ಬಹಿರಂಗವಾಗಿಯೇ ವಿಷಾದ ಹೇಳಿದ್ದಾರೆ. 3ಡಿಎಸ್‌ನಲ್ಲಿ ಬೂಟು ಮಾಮೂಲಿ ಸಾಮಾನಿನ ಸಾಲಿಗೆ ಬಂತು, ಒಂದೇ ಒತ್ತಿಗೆ ಹಾಕಿ ಬಿಚ್ಚಬಹುದು. ಕಟ್ಟುವವರಿಗೆ ಇದರಲ್ಲಿರುವ ಅಳತೆ ಇಷ್ಟು: ಡಂಜನ್ ಯಾವ ಕ್ರಿಯೆಯನ್ನು ಅತಿ ಹೆಚ್ಚು ಸಲ ಬೇಡುತ್ತದೋ ಅದಕ್ಕೆ ಎಷ್ಟು ಗುಂಡಿ ಒತ್ತಬೇಕು ಎಣಿಸಿ. ಎರಡಕ್ಕಿಂತ ಹೆಚ್ಚಾದರೆ ನಕ್ಷೆ ತಿದ್ದುವುದಕ್ಕೆ ಮುಂಚೆ ಕಂಟ್ರೋಲ್ ತಿದ್ದಿ.

ಸ್ಥಿತಿ ಬದಲಿಸುವ ಡಂಜನ್ ಬೇಡವೇ ಬೇಡ ಎಂದಲ್ಲ. 1993ರಲ್ಲಿ ಗೇಮ್‌ಬಾಯ್‌ಗೆ ಬಂದ ‘ಲಿಂಕ್ಸ್ ಅವೇಕನಿಂಗ್’ನ ಏಳನೇ ಡಂಜನ್ ಈಗಲ್ಸ್ ಟವರ್ ನೋಡಿ. ಒಂದು ಕಬ್ಬಿಣದ ಗುಂಡನ್ನು ಹೊತ್ತು ತಿರುಗಿ ನಾಲ್ಕು ಕಂಬಗಳನ್ನು ಒಡೆಯಬೇಕು. ನಾಲ್ಕನೆಯದು ಒಡೆದ ಕೂಡಲೇ ನಾಲ್ಕನೇ ಅಂತಸ್ತು ಕುಸಿದು ಮೂರನೆಯದರ ಮೇಲೆ ಕೂರುತ್ತದೆ, ಅದುವರೆಗೆ ತಲುಪಲಾಗದ ಜಾಗಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಸ್ಥಿತಿ ಎರಡೇ, ಬದಲಾವಣೆ ಒಂದೇ ಸಲ, ಹಿಂದಕ್ಕೆ ಹೋಗುವಂತಿಲ್ಲ. ಅಂಗೈಯಗಲದ ಕಪ್ಪುಬಿಳುಪು ಪರದೆಯ ಮೇಲೆ ಇಷ್ಟು ದೊಡ್ಡ ಯೋಚನೆ ಗೊಂದಲವಾಗದೆ ನಿಂತದ್ದು ಆ ಮಿತಿಯಿಂದಲೇ. ನನ್ನನ್ನು ಕೇಳಿದರೆ ವಾಟರ್ ಟೆಂಪಲ್‌ಗಿಂತ ಇದೇ ಮೇಲು. ಗುಂಡನ್ನು ಗುಂಡಿಯಾಚೆ ಎಸೆದು, ಸುತ್ತಿ ಬಂದು, ಮತ್ತೆ ಎತ್ತಿಕೊಳ್ಳುವ ಆ ಪಾಡಿನಲ್ಲೇ ಇಡೀ ಗೋಪುರದ ನಕ್ಷೆ ಬಾಯಿಪಾಠವಾಗಿಬಿಡುತ್ತದೆ.

ಮಟ್ಟಗಳ ನಡುವಿನ ಸಂಬಂಧ ಕಲಿಸಲು ಇನ್ನೊಂದು ಹಳೆಯ ದಾರಿ ಬೀಳಿಸುವುದು. ‘ಎ ಲಿಂಕ್ ಟು ದ ಪಾಸ್ಟ್’ನ ಟವರ್ ಆಫ್ ಹೆರಾದಲ್ಲಿ ಬಾಸ್ ಮೋಲ್ಡಾರ್ಮ್ ತಳ್ಳಿದರೆ ಅಂಚಿನಿಂದ ಕೆಳಗಿನ ಅಂತಸ್ತಿಗೆ ಬೀಳುತ್ತೀರಿ. ಮತ್ತೆ ಏರಿ ಬಂದು ಕಾಳಗ ಮೊದಲಿಂದ. ಸಿಟ್ಟು ಬರುತ್ತದೆ, ಆದರೆ ಯಾವ ರೂಮಿನ ಮೇಲೆ ಯಾವ ರೂಮಿದೆ ಎಂದು ಮತ್ತೆ ಯಾರೂ ಹೇಳಿಕೊಡಬೇಕಾಗುವುದಿಲ್ಲ.

ಸ್ಥಿತಿ ಇರುವ ಡಂಜನ್ ಕಟ್ಟುವುದೇ ಆದರೆ ನಕ್ಷೆಯನ್ನು ಎಷ್ಟು ಸ್ಥಿತಿಯಿದೆಯೋ ಅಷ್ಟು ಪಾರದರ್ಶಕ ಹಾಳೆಗಳಲ್ಲಿ ಬರೆಯಿರಿ. ಪ್ರತಿ ಹಾಳೆಯಲ್ಲೂ ಆ ಸ್ಥಿತಿಯಲ್ಲಿ ತಲುಪಬಹುದಾದ ಜಾಗಕ್ಕೆ ಮಾತ್ರ ಬಣ್ಣ. ಒಂದರ ಮೇಲೊಂದು ಇಟ್ಟಾಗ ಯಾವ ಹಾಳೆಯಲ್ಲೂ ಬಣ್ಣ ಬೀಳದ ರೂಮು ಇದ್ದರೆ ಅದು ಸತ್ತ ರೂಮು. ಮೂರು ಮಟ್ಟವಾದರೆ ಒಂದರಿಂದ ಇನ್ನೊಂದಕ್ಕೆ ಆರು ದಾರಿಗಳಾಗುತ್ತವೆ. ಆರಕ್ಕೂ ಫಲಕದವರೆಗೆ ನಡೆಯಬೇಕಾದ ರೂಮುಗಳನ್ನು ಎಣಿಸಿ ಬರೆಯಿರಿ. ಯಾವುದಾದರೂ ಒಂದು ದಾರಿಯ ಸಂಖ್ಯೆ ಉಳಿದವುಗಳ ಎರಡರಷ್ಟಿದ್ದರೆ ಅಲ್ಲೊಂದು ಒಳದಾರಿ ಬೇಕು ಎಂದೇ ಅರ್ಥ. ಆಮೇಲೆ ಬೀಗದ ಲೆಕ್ಕವನ್ನು ಪ್ರತಿ ಹಾಳೆಗೂ ಮತ್ತೆ ಮಾಡಿ: ಬೀಗದ ಕೈ ‘ಸಿಗುತ್ತದೆ’ ಎಂದು ಬರೆದದ್ದು ಆ ಮಟ್ಟದಲ್ಲೂ ನಿಜವೇ, ಅಥವಾ ಬೇರೆ ಮಟ್ಟಕ್ಕೆ ಹೋಗಿ ಬಂದರೆ ಮಾತ್ರವೇ?

ಇಷ್ಟೆಲ್ಲ ಮಾಡಿದ ಮೇಲೂ ಬೀಗಗಳನ್ನೇ ಕಡಿಮೆ ಮಾಡುವ ಆಯ್ಕೆ ಇದ್ದೇ ಇದೆ. ‘ಓಕರಿನಾ ಆಫ್ ಟೈಮ್’ನ ‘ಮಾಸ್ಟರ್ ಕ್ವೆಸ್ಟ್’ ಆವೃತ್ತಿಯಲ್ಲಿ ವಾಟರ್ ಟೆಂಪಲ್‌ನ ಕಟ್ಟಡ ಅದೇ, ನೀರಿನ ಮೂರು ಮಟ್ಟವೂ ಅವೇ. ಉಳಿದ ಡಂಜನ್‌ಗಳು ಇನ್ನಷ್ಟು ಕಠಿಣವಾಗಲೆಂದೇ ಮಾಡಿದ ಆವೃತ್ತಿ ಅದು. ಅಲ್ಲಿ ಈ ಡಂಜನ್‌ನ ಸಣ್ಣ ಬೀಗದ ಕೈಗಳು ಆರರಿಂದ ಎರಡಕ್ಕೆ ಇಳಿದಿವೆ.